ಬೆಂದ ಕಾಳಿಗೆ ನೀರು

ಮನೆ ಮಾರುವ ಕಾಗದಕ್ಕೆ ಇಗ್ಲಾಲ್ ಸಹಿ ಹಾಕುವುದಿಲ್ಲ ಎಂದದ್ದು ಹೊಸದೇನಲ್ಲ. ಈ ಸಲ ಬಾಯಲ್ಲಿ ಮೀನಿನ ಅನ್ನ ಇಟ್ಟುಕೊಂಡೇ ಹೇಳಿದಳು, ಅಷ್ಟೇ ವ್ಯತ್ಯಾಸ. ಶುಕ್ರವಾರದ ಊಟಕ್ಕೆ ಮಹಡಿಯವರೆಲ್ಲ ಕೆಳಗಿಳಿದು ಅವಳ ಮೇಜಿಗೆ ಬರುವುದು ಆ ಮನೆಯ ಪದ್ಧತಿ. ಅಣ್ಣನ ಮಗ ಹಾತಿಮ್, ಅವನ ಹೆಂಡತಿ ಗಿಹಾನ್, ಮದುವೆ ಗೊತ್ತಾಗಿದ್ದ ಮಗಳು ಯಾರಾ, ಮೂವರೂ ಕೂತಿದ್ದರು.

"ಅತ್ತೆ, ಒಂದ್ಸಲ ಯೋಚ್ನೆ ಮಾಡಿ ನೋಡು," ಎಂದ ಹಾತಿಮ್.

"ಮಾಡಿದೀನಿ. ಮೂರರಲ್ಲಿ ಒಂದು ಪಾಲು ನಂದು. ನಮ್ಮಪ್ಪ ಕಟ್ಟಿಸಿದ ಮನೆ. ನಾನು ಸತ್ತ ಮೇಲೆ ಅದೂ ನಿಂಗೇ ಬರುತ್ತೆ. ಏನವಸರ?"

"ನೀವು ನೂರು ವರ್ಷ ಬಾಳಿ, ತಾಂತ್," ಎಂದಳು ಗಿಹಾನ್. "ಆದ್ರೆ ಯಾರಾ ಮದುವೆ ಅಲ್ಲೀವರೆಗೂ ಕಾಯೋಲ್ಲ."

"ಇದು ಹರಕೆಯೋ ಶಾಪವೋ ಹೇಳಿಬಿಡು, ಅದಕ್ಕೆ ತಕ್ಕ ಹಾಗೆ ಆಮೀನ್ ಅಂತೀನಿ."

ಯಾರಾ ನಕ್ಕಳು. ಅವಳಮ್ಮ ನಗಲಿಲ್ಲ. ಗಿಹಾನ್ ಇಗ್ಲಾಲಳನ್ನು ಎಂದೂ ಅತ್ತೆ ಎಂದು ಕರೆದವಳಲ್ಲ. ಸನ್ಯಾಸಿನಿಯರ ಶಾಲೆಯಲ್ಲಿ ಕಲಿತ ಹುಡುಗಿಯರ ಹಾಗೆ ಫ್ರೆಂಚಿನಲ್ಲಿ ತಾಂತ್ ಎನ್ನುತ್ತಿದ್ದಳು. ಅದರಲ್ಲಿ ಸಕ್ಕರೆಯೂ ಇಲ್ಲ, ಉಪ್ಪೂ ಇಲ್ಲ.

"ಸಹಿ ಹಾಕಿದ್ರೂ ಏನು ಬಂತು ಬಿಡಿ," ಎಂದಳು ಗಿಹಾನ್ ಗಂಡನ ಕಡೆಗೆ ತಿರುಗಿ. "ಗೇಟಿನ ಮೇಲೆ ಆ ನೀಲಿ ತಗಡು ಇರೋವರೆಗೂ ಒಂದು ಇಟ್ಟಿಗೆ ಅಲ್ಲಾಡಿಸೋ ಹಾಗಿಲ್ಲ. ಹಾಗೇ ನಿಂತಿರೋ ಮನೇನ ಯಾವ ಕಂಟ್ರಾಕ್ಟರ್ ಕೊಳ್ತಾನೆ? ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ. ಅದೇ ನಮ್ಮ ಬಾಳು."

ನೀಲಿ ತಗಡಿನ ಮೇಲೆ ಒಂದು ಸಂಖ್ಯೆ ಇತ್ತು, ಅಷ್ಟೇ. ಈ ಮನೆ ಹೆಸರಾಂತದ್ದು, ಊರಿನ ಆಸ್ತಿ, ಕೆಡವಬಾರದು ಎಂದು ಅದರ ಅರ್ಥ. ಅಲೆಕ್ಸಾಂಡ್ರಿಯಾದ ಶಲ್ಲಾಲಾತ್ ಉದ್ಯಾನದ ಸುತ್ತ ಒಂದು ಕಾಲಕ್ಕೆ ಹತ್ತಿ ವ್ಯಾಪಾರಿಗಳ, ಗ್ರೀಕ್ ಸಾಹುಕಾರರ, ಪಾಷಾಗಳ ಮನೆಗಳೇ ಸಾಲಾಗಿ ಇದ್ದವು. ಈಗ ಉಳಿದದ್ದು ಮುದುಕಿಯ ಬಾಯಲ್ಲಿ ಹಲ್ಲು ಉಳಿದಷ್ಟು. ತಗಡು ಇಲ್ಲದವು ಮೊದಲು ಹೋದವು. ಆಮೇಲೆ ತಗಡು ಇದ್ದವೂ ಒಂದೊಂದಾಗಿ, ಯಾರೂ ಮುಟ್ಟದೆಯೇ, ತಾವಾಗಿ ಬಿದ್ದವು. ಬಿದ್ದ ಜಾಗದಲ್ಲಿ ಹದಿನಾಲ್ಕು ಅಂತಸ್ತಿನ ಕಟ್ಟಡ ಎದ್ದಿತು. ಇಷ್ಟು ವರ್ಷ ನಿಂತವು ಹೇಗೆ ತಾವಾಗಿ ಬಿದ್ದಾವು ಎಂದು ಇಗ್ಲಾಲ್ ಕೇಳುತ್ತಿದ್ದಳು. ಹಳೆಯದಲ್ಲವೇ ಎಂದು ಎಲ್ಲರೂ ಹೇಳುತ್ತಿದ್ದರು.

ಆ ಶುಕ್ರವಾರದಿಂದ ಹಾತಿಮ್ ಕೆಳಗೆ ಬರುವುದನ್ನೇ ನಿಲ್ಲಿಸಿದ. ಬೆಳಿಗ್ಗೆ ಮೆಟ್ಟಿಲಿಳಿದು ಅತ್ತೆಯ ಬಾಗಿಲು ದಾಟಿ ಸೀದಾ ಅಂಗಡಿಗೆ ಹೋಗುತ್ತಿದ್ದ. ಅವನದು ನಲ್ಲಿ, ಪೈಪು, ತೊಳೆಯುವ ತೊಟ್ಟಿಗಳ ಅಂಗಡಿ. ಇಟಲಿಯ ನಲ್ಲಿ ಕೊಳ್ಳುವವರು ಈಗ ಯಾರೂ ಇಲ್ಲ, ನೋಡಿ ಹೋಗುವವರೇ ಎಲ್ಲ. ಇಗ್ಲಾಲ್ ಬಾಗಿಲು ಅರ್ಧ ತೆರೆದಿಟ್ಟು ಅವನ ಬೂಟಿನ ಸದ್ದು ಕೇಳುತ್ತ ಕೂರುತ್ತಿದ್ದಳು. ತೊಟ್ಟಿಲಲ್ಲಿದ್ದಾಗ ತಾಯಿ ಸತ್ತ ಮಗು ಅದು. ಅವಳು ತನಗೆ ಬಂದಿದ್ದ ನಿಶ್ಚಿತಾರ್ಥದ ಉಂಗುರ ಹಿಂದಕ್ಕೆ ಕಳಿಸಿ, ಅವನಿಗೆ ಕೈತುತ್ತು ಹಾಕಿ ಸಾಕಿದ್ದಳು. ಅವನು ಮಾತು ಬಿಟ್ಟರೆ ಆ ಮನೆಯ ಇಷ್ಟು ದೊಡ್ಡ ಕೋಣೆಗಳಲ್ಲಿ ಅವಳಿಗೆ ಉಸಿರಾಡಲು ಜಾಗ ಸಾಲುತ್ತಿರಲಿಲ್ಲ.

ಸೀಬೆಹಣ್ಣಿನ ಕಾಲ ಮುಗಿಯುತ್ತ ಬಂದಾಗ ಅವನು ಒಂದು ಬೆಳಿಗ್ಗೆ ಬಂದ. ಒಂದು ಕೈಯಲ್ಲಿ ಬಿಸಿ ರೊಟ್ಟಿ ಮತ್ತು ಬೆಂದ ಕಾಳಿನ ಫೂಲ್ ತುಂಬಿದ ಡಬ್ಬಿ, ಇನ್ನೊಂದು ಕೈಯಲ್ಲಿ ಹೊಸ ಹಿತ್ತಾಳೆಯ ನಲ್ಲಿ, ಹೆಗಲ ಮೇಲೆ ಹಸಿರು ಪೈಪಿನ ಸುರುಳಿ.

"ಅತ್ತೆ, ಮುನಿಸು ಸಾಕು. ತಿಂಡಿ ತಿನ್ನೋಣ."

"ಮುನಿಸ್ಕೊಂಡಿದ್ದು ನಾನೋ ನೀನೋ?"

"ನಾನೇ. ತಪ್ಪು ನಂದೇ. ನಿನ್ನ ಮಲ್ಲಿಗೆ ನೋಡಿದೆ, ಸಮುದ್ರದ ಗಾಳಿಗೆ ಎಲೆ ಎಲ್ಲ ಸುಟ್ಟು ಹೋಗಿದೆ. ಮಗ್ಗಿನಲ್ಲಿ ನೀರು ಹೊತ್ತು ಹಾಕ್ತಾ ಇದ್ಯಾ ಈ ವಯಸ್ಸಲ್ಲಿ. ಅದಕ್ಕೇ ಅಲ್ಲೇ ಗೋಡೆ ಹತ್ತಿರ ನಲ್ಲಿ ಕೂರಿಸಿಕೊಡ್ತೀನಿ."

ಇಗ್ಲಾಲ್ ಕಣ್ಣೊರೆಸಿಕೊಂಡಳು. ಎಪ್ಪತ್ತಾರರ ಮುದುಕಿಗೆ ಒಂದು ನಲ್ಲಿ ತಂದರೆ ಅಳುವುದೇ ಎಂದು ಯಾರಾದರೂ ನಗಬಹುದು. ಅವಳಿಗೆ ಅದು ನಲ್ಲಿಯಲ್ಲ.

ಮೂಡಣ ಗೋಡೆಯ ಬುಡದಲ್ಲಿದ್ದ ಆ ದುಂಡುಮಲ್ಲಿಗೆ ಗಿಡಕ್ಕೆ ಒಂದು ಕಥೆಯಿತ್ತು. ಇಲ್ಲಿಯ ಮಾತಿನಲ್ಲಿ ದುಂಡುಮಲ್ಲಿಗೆಗೆ ಫುಲ್ ಎನ್ನುತ್ತಾರೆ. ಬೆಳಗಿನ ತಿಂಡಿಗೆ ತಿನ್ನುವ ಬೆಂದ ಕಾಳಿಗೆ ಫೂಲ್ ಎನ್ನುತ್ತಾರೆ. ಒಂದು ದೀರ್ಘದ ಅಂತರ. ನಾಲ್ಕು ವರ್ಷದ ಹಾತಿಮ್ ಅತ್ತೆಯ ಕೊರಳಿಗೆ ಮಲ್ಲಿಗೆ ಹಾರ ಬೇಕೆಂದು ತನ್ನ ತಟ್ಟೆಯ ಕಾಳನ್ನು ಹಿಡಿಹಿಡಿಯಾಗಿ ಒಯ್ದು ಗೋಡೆಯ ಬುಡದಲ್ಲಿ ಹೂತು, ದಿನಾ ಚಹಾದ ಲೋಟದಲ್ಲಿ ನೀರು ಹಾಕಿದ. ಬೆಂದ ಕಾಳು ಎಲ್ಲಾದರೂ ಮೊಳೆಯುತ್ತದೆಯೇ. ಮಗು ಕಾದು ಕಾದು ಸೊರಗುವುದನ್ನು ನೋಡಲಾಗದೆ ಇಗ್ಲಾಲ್ ಉದ್ಯಾನದ ಮಾಲಿಯಿಂದ ಒಂದು ಸಸಿ ತಂದು, ಅವನು ಏಳುವ ಮುಂಚೆ ಅದೇ ಜಾಗದಲ್ಲಿ ನೆಟ್ಟಳು. ಆ ದಿನ ಅವನು ಕುಣಿದದ್ದನ್ನು ಅವಳು ಈ ಜನ್ಮದಲ್ಲಿ ಮರೆಯಲಾರಳು. ದೊಡ್ಡವನಾದ ಮೇಲೆ ನಿಜ ತಿಳಿಯಿತು. ತನ್ನ ಮದುವೆಯ ಔತಣದಲ್ಲಿ ಅವನೇ ಆ ಕಥೆ ಹೇಳಿ ನೆಂಟರನ್ನೆಲ್ಲ ನಗಿಸಿದ್ದ. ಯಾರಾ ಅದನ್ನು ಕೇಳಿಕೊಂಡೇ ಬೆಳೆದಳು.

"ಬೆಳಿಗ್ಗೆ ಒಂದ್ಸಲ, ಸಾಯಂಕಾಲ ಒಂದ್ಸಲ ಬಿಡು," ಎಂದ ಹಾತಿಮ್ ನಲ್ಲಿಯನ್ನು ತಿರುಗಿಸಿ ಬಿಗಿ ಮಾಡುತ್ತ. "ಪೈಪನ್ನ ಬುಡದಲ್ಲೇ ಇಟ್ಟಿರು. ಉಪ್ಪು ತೊಳ್ಕೊಂಡು ಹೋಗ್ಬೇಕು ಅಂದ್ರೆ ಜಾಸ್ತಿ ಹೊತ್ತು ಬಿಡಬೇಕು. ನಿಲ್ಲಿಸೋಕೆ ಮರೆತ್ರೂ ಪರ್ವಾಗಿಲ್ಲ."

"ನಾನ್ಯಾಕೆ ಮರೀತೀನಿ?"

"ಮಾತಿಗೆ ಅಂದೆ, ಅತ್ತೆ."

ಆಮೇಲೆ ಅವನು ದಿನಾ ತಿಂಡಿಗೆ ಬಂದ. ಕಾಳಿಗೆ ಜೀರಿಗೆ ಪುಡಿ, ಎಣ್ಣೆ, ನಿಂಬೆ ಹಿಂಡಿ ಕಲಸಿಕೊಡುತ್ತಿದ್ದಳು. ಅವನು ರೊಟ್ಟಿ ಮುರಿದು ಒಂದೇ ತಟ್ಟೆಯಲ್ಲಿ ತಿನ್ನುತ್ತಿದ್ದ. ಸಹಿಯ ಮಾತು ಎತ್ತಲಿಲ್ಲ. ಹೊರಡುವಾಗ ಕಿಟಕಿಯಿಂದ ಬಗ್ಗಿ ನೋಡಿ, "ನೀರು ಬಿಟ್ಯಾ?" ಎಂದು ಕೇಳುತ್ತಿದ್ದ. ಬಿಟ್ಟಿದ್ದೇನೆ ಎನ್ನುತ್ತಿದ್ದಳು. ಇಷ್ಟು ವರ್ಷದಲ್ಲಿ ಅವಳ ಗಿಡದ ಬಗ್ಗೆ ಕೇಳಿದವರಿರಲಿಲ್ಲ.

ನವೆಂಬರಿನಲ್ಲಿ ಪೊರಕೆ ಬೀಸಿತು. ಈ ಊರಿನವರು ಚಳಿಗಾಲದ ಒಂದೊಂದು ಬಿರುಗಾಳಿಗೂ ಹೆಸರಿಟ್ಟಿದ್ದಾರೆ. ಮೊದಲು ಬರುವ ಈ ಪೊರಕೆ ಬೀದಿಯನ್ನು ಗುಡಿಸಿಕೊಂಡು ಹೋಗುತ್ತದೆ. ಅದು ಹೋದ ಮೇಲೆ ಊಟದ ಕೋಣೆಯ ಬಾಗಿಲು ಮುಚ್ಚಲು ಬರದಾಯಿತು. ಚೌಕಟ್ಟಿನ ಮೂಲೆಯಿಂದ ಚಾವಣಿಯವರೆಗೆ ಒಂದು ಬಿರುಕು, ಮೊದಲು ಕೂದಲಿನಷ್ಟು, ಆಮೇಲೆ ಬೆರಳು ತೂರುವಷ್ಟು. ಮಲ್ಲಿಗೆಯ ಎಲೆಗಳು ಹಳದಿಯಾದವು.

"ಹಾತಿಮ್, ಗಿಡಕ್ಕೆ ನೀರು ಜಾಸ್ತಿ ಆಗಿದೆ ಕಣೋ. ಬುಡ ಕೊಳೀತಿದೆ."

"ಅದು ಉಪ್ಪು ಅತ್ತೆ. ಇನ್ನೂ ಜಾಸ್ತಿ ಬಿಡಬೇಕು."

ನೆಲಮಾಳಿಗೆಯಲ್ಲಿ ಹೆಂಡತಿಯೊಂದಿಗೆ ಇರುವ ಕಾವಲುಗಾರ ಅಬ್ದುರ‍್ರಸೂಲ್ ಬಂದು ಬಾಗಿಲ ಬಳಿ ನಿಂತ. ಅವನು ಮೇಲು ಸೀಮೆಯವನು, ಮಾತೇ ಬೇರೆ; ಮನೆಯ ಯಜಮಾನಿಯನ್ನು ಹಾನಮ್ ಎನ್ನುತ್ತಿದ್ದ.

"ಹಾನಮ್, ಕೆಳಗ ಗ್ವಾಡಿ ಎಲ್ಲಾ ಬೆವರಾಕತ್ತೈತ್ರಿ. ಹಾಸ್ಗಿ ಹಿಂಡಿದ್ರ ನೀರು ಬರ್ತೈತಿ. ನನ್ನ ಹೇಣ್ತಿಗೆ ಮೊಣಕಾಲು ಹಿಡದು ಏಳಾಕ ಆಗವಲ್ದು."

"ಹಾತಿಮ್‌ಗೆ ಹೇಳಿದ್ಯಾ?"

"ಹೇಳೀನ್ರಿ. ಹಳೇ ಪೈಪು ಅಂದ್ರು. ನೋಡೂಣು ಅಂದ್ರು. ನೋಡೂಣು ಅನ್ನೋದು ಮುಗದಿಲ್ರಿ ಇನ್ನೂ."

ಇಗ್ಲಾಲ್ ಅವನಿಗೆ ತನ್ನ ಹಳೆಯ ಹಾಸಿಗೆ ಕೊಟ್ಟು ಕಳಿಸಿದಳು. ಹಾತಿಮ್ ನಲ್ಲಿ ವ್ಯಾಪಾರಿ, ಪೈಪಿನ ವಿಷಯ ಅವನಿಗೆ ತಿಳಿಯದೇ ಎಂದುಕೊಂಡಳು. ಹೆತ್ತವರಿಗೆ ಹೆಗ್ಗಣ ಮುದ್ದು. ಹೆರದೆ ಸಾಕಿದವರಿಗೆ ಇನ್ನೂ ಮುದ್ದು.

ನಿಜ ತಿಳಿದದ್ದು ಬದನೆಕಾಯಿ ಕೊರೆಯುವಾಗ. ಸಣ್ಣ ಬದನೆಕಾಯಿಗಳ ತಿರುಳು ತೆಗೆದು ಅಕ್ಕಿ ತುಂಬುವುದು ಇಡೀ ಬೆಳಗಿನ ಕೆಲಸ. ಕೆಳಗಿನ ಅಡಿಗೆಮನೆಗೂ ಮೇಲಿನ ಅಡಿಗೆಮನೆಗೂ ಬೆಳಕು ಬರಲೆಂದು ನಡುವೆ ಒಂದು ಸಂದು ಬಿಟ್ಟಿದ್ದರು. ಬೆಳಕು ಎಂದೂ ಬರಲಿಲ್ಲ, ಮಾತು ಮಾತ್ರ ಬರುತ್ತಿತ್ತು. ಗಿಹಾನಳ ಧ್ವನಿ ಮೊದಲು ಕೇಳಿತು.

"ಇನ್ನೂ ಎಷ್ಟು ದಿನ ಹಿಡಿಯುತ್ತೆ? ಹುಡುಗನ ಕಡೆಯವರು ಫ್ರಿಜ್ಜು ಯಾವಾಗ, ಒಲೆ ಯಾವಾಗ ಅಂತ ದಿನಾ ಕೇಳ್ತಿದಾರೆ. ನಾನು ಏನು ಹೇಳ್ಲಿ, ಗೋಡೆ ಬೀಳ್ಲಿ ತಾಳಿ ಅನ್ಲಾ?"

"ಸುಣ್ಣದ ಕಲ್ಲಿನ ಪಾಯ ಅದು, ಸಕ್ಕರೆ ಅಲ್ಲ. ನೀರು ಕುಡೀತಾ ಇದೆ. ಕಾಸಿಮ್ ಬಿರುಗಾಳಿ ಬರ್ಲಿ, ಅದೇ ಮಿಕ್ಕಿದ್ದು ಮಾಡುತ್ತೆ. ಅಪಾಯದ ಮನೆ ಅಂತ ಬರೆದ್ರೆ ತಗಡು ತಾನಾಗೇ ಇಳಿಯುತ್ತೆ."

"ತಾಂತ್ ಮೇಲೆ ಬಿದ್ರೆ?"

"ಅವಳು ಮಲಗೋದು ಈ ಕಡೆ. ಬೀಳೋದು ಆ ಕಡೆ. ನಾನೇನು ಕಟುಕನಾ?"

"ಯಾರಾದ್ರೂ ನೋಡಿದ್ರೆ ಜೈಲು, ಗೊತ್ತಲ್ಲ."

"ನೋಡಿದ್ರೆ ಏನು ಕಾಣುತ್ತೆ? ಮುದುಕಿ ಹೂವಿನ ಗಿಡಕ್ಕೆ ನೀರು ಹಾಕೋದು ಕಾಣುತ್ತೆ. ನನ್ನ ಕೈ ಒಣಗಿದೆ, ಗಿಹಾನ್."

ಇಗ್ಲಾಲಳ ಕೈಯಲ್ಲಿದ್ದ ಬದನೆಕಾಯಿ ಸೀಳಿಹೋಯಿತು. ಸೀಳಿದ್ದನ್ನು ಪಕ್ಕಕ್ಕಿಟ್ಟು ಮುಂದಿನದನ್ನು ತೆಗೆದುಕೊಂಡಳು. ಎಲ್ಲವನ್ನೂ ಕೊರೆದಳು, ತುಂಬಿದಳು, ಬೇಯಿಸಿದಳು, ಮೇಲಕ್ಕೆ ಒಂದು ತಟ್ಟೆ ತುಂಬ ಕಳಿಸಿದಳು. ಆಮೇಲೆ ಹೊರಗೆ ಹೋಗಿ ನಲ್ಲಿ ನಿಲ್ಲಿಸಿದಳು. ತನ್ನ ಅಪ್ಪನ ಮನೆಯ ಬುಡವನ್ನು ದಿನಕ್ಕೆ ಎರಡು ಸಲ, ತನ್ನ ಕೈಯಾರೆ, ಸಂತೋಷದಿಂದ ಕೊಳೆಸಿದ್ದಳು. ಅದಕ್ಕಿಂತ ಉರಿದದ್ದು ಇನ್ನೊಂದು. ಆ ಒಂದೇ ತಟ್ಟೆಯ ತಿಂಡಿಗಳೆಲ್ಲ ನಲ್ಲಿಯ ಜತೆಗೆ ಬಂದ ಸಾಮಾನು.

ಮರುದಿನ ಹಾತಿಮ್ ಬಂದ, ಕೂತ, ಕಿಟಕಿಯಿಂದ ಬಗ್ಗಿದ.

"ನೀರು ಬಿಟ್ಟಿಲ್ವಾ ಅತ್ತೆ?"

"ಗಿಡಕ್ಕೆ ಸಾಕಂತೆ."

"ಯಾರು ಹೇಳಿದ್ರು?"

"ಗಿಡಾನೇ."

ಅವನು ನಕ್ಕು ಹೊರಗೆ ಹೋಗಿ ತಾನೇ ನಲ್ಲಿ ತಿರುಗಿಸಿ ಬಂದ. ಕೈ ಒದ್ದೆಯಾಗಿತ್ತು, ಪ್ಯಾಂಟಿಗೆ ಒರೆಸಿಕೊಂಡ. ಇಗ್ಲಾಲ್ ಬೇರೆಯದನ್ನೇ ಕೇಳಿದಳು.

"ಆ ಗಿಡ ಹೇಗೆ ಬಂತು ಅಂತ ನೆನಪಿದ್ಯಾ ನಿಂಗೆ?"

"ಅದನ್ನ ಮರೆಯೋಕಾಗುತ್ತಾ ಅತ್ತೆ?" ಎಂದ ಅವನು, ಬಾಯಿ ತುಂಬ ರೊಟ್ಟಿ. "ಸಾಯೋವರೆಗೂ ಮರೆಯೋಲ್ಲ."

ಅಷ್ಟಕ್ಕೇ ಅವಳು ಕರಗಿದಳು. ತನಗೆ ಗೊತ್ತಾಗಿದೆ ಎಂದು ಹೇಳಿದರೆ ಅವನು ಮತ್ತೆ ಬಾಗಿಲು ದಾಟಿ ಹೋಗುವವನಾಗುತ್ತಾನೆ ಎಂಬ ಭಯ. ಹೇಳದಿದ್ದರೆ ಗೋಡೆ ಬೀಳುತ್ತದೆ. ಅತ್ತ ದರಿ ಇತ್ತ ಪುಲಿ. ಬಾಯಿಬಿಟ್ಟು ಹೇಳಲಾರದವರು ಮಾಡುವುದನ್ನೇ ಅವಳೂ ಮಾಡಿದಳು. ಅವನು ತೆರೆದು ಹೋದದ್ದನ್ನು ಅವನು ಮೂಲೆ ತಿರುಗಿದ ಕೂಡಲೇ ನಿಲ್ಲಿಸಿದಳು. ಸಾಯಂಕಾಲ ಗಿಹಾನ್ ಬಟ್ಟೆ ಒಣಹಾಕುವ ನೆಪದಲ್ಲಿ ಬಂದು ತೆರೆಯುತ್ತಿದ್ದಳು. ಇವಳು ಹೋಗಿ ಮತ್ತೆ ನಿಲ್ಲಿಸುತ್ತಿದ್ದಳು. ಮೂವರಲ್ಲಿ ಒಬ್ಬರೂ ಆ ಬಗ್ಗೆ ತುಟಿ ಬಿಚ್ಚಲಿಲ್ಲ. ಊಟ, ತಿಂಡಿ, ಮದುವೆಯ ಪರದೆಗಳ ಬಣ್ಣ, ಈರುಳ್ಳಿಯ ದರ, ಎಲ್ಲ ಮಾತೂ ನಡೆಯಿತು. ಆದರೆ ಮಣ್ಣು ಕುಡಿಯುವಷ್ಟನ್ನು ಆಗಲೇ ಕುಡಿದಿತ್ತು.

ಡಿಸೆಂಬರಿನಲ್ಲಿ ಕಾಸಿಮ್ ಬಂತು. ಬಿರುಗಾಳಿಯ ದಿನ ಈ ಊರಿನಲ್ಲಿ ಎಲ್ಲರ ಮನೆಯಲ್ಲೂ ಬೇಳೆಯ ಸಾರು. ಯಾರಾ ತಟ್ಟೆ ಹಿಡಿದು ಅಜ್ಜಿಯ ಪಕ್ಕ ಕೂತು, "ಅಜ್ಜಿ, ಇನ್ನೊಂಚೂರು ನಿಂಬೆ ಹಿಂಡಿ," ಎನ್ನುತ್ತಿದ್ದಳು. ಆಗ ಊಟದ ಕೋಣೆಯ ಕಡೆಯಿಂದ ಮೊದಲು ಗಾಜಿನ ಬೀರು ಬಿದ್ದ ಸದ್ದು, ಅದರ ಹಿಂದೆಯೇ ಮನೆಯೇ ನಿಟ್ಟುಸಿರು ಬಿಟ್ಟ ಹಾಗೆ ಒಂದು ಸದ್ದು. ಮೇಲಿನ ಖಾಲಿ ಕೋಣೆಯ ಸಮೇತ ಮೂಡಣ ಮೂಲೆ ಕುಸಿದಿತ್ತು. ಮೇಜು, ಕುರ್ಚಿ, ಇಗ್ಲಾಲಳ ಅಮ್ಮನ ಪಿಂಗಾಣಿ, ಅದರ ಮೇಲೆ ಆಕಾಶದಿಂದ ಮಳೆ. ಅಬ್ದುರ‍್ರಸೂಲ್ ಹೆಂಡತಿಯನ್ನು ಬೆನ್ನ ಮೇಲೆ ಹೊತ್ತು ಬೀದಿಗೆ ಬಂದಿದ್ದ. ಯಾರ ಪ್ರಾಣವೂ ಹೋಗಲಿಲ್ಲ. ಮಲ್ಲಿಗೆ ಗಿಡ ಮಾತ್ರ ಕಲ್ಲುಗಳ ಕೆಳಗೆ ಹೋಯಿತು. ಹಸಿರು ಪೈಪಿನ ತುದಿ ಹೊರಗೆ ಇಣುಕುತ್ತಿತ್ತು. ಅದರಿಂದ ಇನ್ನೂ ನೀರು ಬರುತ್ತಿತ್ತು.

ಅದೇ ಆಪತ್ತಾಯಿತು. ಬೀದಿಯವರು ನೋಡಿದರು. ಮಳೆ ನಿಂತ ಮೇಲೆ ಸಮಿತಿ ಬಂತು: ಒಬ್ಬಳು ಇಂಜಿನಿಯರ್, ಒಬ್ಬ ಪೊಲೀಸ್ ಅಧಿಕಾರಿ, ಬರೆದುಕೊಳ್ಳಲು ಒಬ್ಬ. ಇಂಜಿನಿಯರ್ ಬಗ್ಗಿ ಮಣ್ಣನ್ನು ಹಿಸುಕಿ ನೋಡಿದಳು.

"ಇದು ಮಳೆ ನೀರಲ್ಲ. ತಿಂಗಳುಗಟ್ಟಲೆ ನೀರು ಬಿಟ್ಟಿದಾರೆ ಇಲ್ಲಿ."

ಅಧಿಕಾರಿ ಹಾತಿಮನ ಕಡೆ ತಿರುಗಿದ. "ನಿಮ್ಮದು ನಲ್ಲಿ ಅಂಗಡಿ ಅಲ್ವಾ? ಈ ನಲ್ಲಿ ಹೊಸದು. ಇದೇ ಉದ್ಯಾನದ ಸುತ್ತ ನಾನು ನೋಡ್ತಿರೋ ಮೂರನೇ ಪೈಪು ಇದು. ಹಿಂದಿನವರಿಬ್ಬರೂ ಒಳಗಿದಾರೆ."

ಹಾತಿಮನ ಮುಖದಲ್ಲಿ ರಕ್ತವಿರಲಿಲ್ಲ. ಗಿಹಾನ್ ಯಾರಾಳ ಕೈಯನ್ನು ಹಿಡಿದ ಹಿಡಿತಕ್ಕೆ ಹುಡುಗಿಯ ಬೆರಳುಗಳು ಬಿಳಿಚಿದ್ದವು. ಇಗ್ಲಾಲ್ ಅವನ ಮುಖ ನೋಡಿದಳು. ನಾಲ್ಕು ವರ್ಷದವನು ತಪ್ಪು ಮಾಡಿ ಸಿಕ್ಕಿಬಿದ್ದಾಗ ಕೆಳದುಟಿ ಒಳಗೆಳೆದುಕೊಳ್ಳುತ್ತಿದ್ದ. ಐವತ್ತರವನೂ ಹಾಗೆಯೇ ಎಳೆದುಕೊಂಡಿದ್ದ.

"ನಾನೇ ಬಿಟ್ಟಿದ್ದು," ಎಂದಳು ಅವಳು.

"ನೀವಾ? ಯಾಕಮ್ಮ?"

"ಕಾಳು ಹಾಕಿದ್ದೆ."

"ಏನು ಕಾಳು?"

"ಫೂಲ್. ಬೆಳಿಗ್ಗೆ ಮಿಕ್ಕಿದ್ದು. ನೀರು ಹಾಕಿದ್ರೆ ಮೊಳೆತು ಮಲ್ಲಿಗೆ ಆಗುತ್ತೆ. ನಲ್ಲಿ ಬಿಟ್ಟು ಮರೀತೀನಿ ಅಂತ ಇವನು ದಿನಾ ಬಯ್ತಾನೆ ಪಾಪ. ನಂಗೆ ನೆನಪೇ ಇರಲ್ಲ."

ಅಧಿಕಾರಿ ಇಂಜಿನಿಯರನ್ನು ನೋಡಿದ. ಬರೆಯುವವನು ನಗು ತಡೆದುಕೊಂಡು ಬರೆದುಕೊಂಡ. ಇಗ್ಲಾಲ್ ಆ ಮಾತನ್ನು ಅವರಿಗೆ ಹೇಳಿರಲಿಲ್ಲ, ಹಾತಿಮನಿಗೆ ಹೇಳಿದ್ದಳು. ನನಗೆ ಎಲ್ಲ ಗೊತ್ತು, ಆದರೂ ಇಗೋ ಸಸಿ ನೆಟ್ಟಿದ್ದೇನೆ ಎಂದು ಹೇಳಿದ್ದಳು. ಅವನಿಗೆ ಅದು ತಲುಪಿತು. ಅವನ ಕಿವಿ ಕೆಂಪಾದದ್ದನ್ನು ಅವಳು ಕಂಡಳು. ಅಷ್ಟು ಸಾಕೆಂದುಕೊಂಡಳು.

"ಮುದುಕಿಯನ್ನ ಒಬ್ಬಳನ್ನೇ ಬಿಡಬೇಡಿ," ಎಂದು ಅಧಿಕಾರಿ ಹೇಳಿ ಹೋದ. ಮನೆ ವಾಸಕ್ಕೆ ಅಪಾಯ ಎಂದು ಬರೆದರು. ವಾರದೊಳಗೆ ತೆರವು ಮಾಡಬೇಕಾಯಿತು. ಹೊರಡುವ ದಿನ ಇಗ್ಲಾಲ್ ಕಲ್ಲುಗಳ ಸಂದಿನಿಂದ ಮಲ್ಲಿಗೆಯ ಒಂದು ಕೊಂಬೆಯನ್ನು ಎಳೆದು, ಖಾಲಿ ತುಪ್ಪದ ಡಬ್ಬಿಗೆ ಮಣ್ಣು ತುಂಬಿ ನೆಟ್ಟುಕೊಂಡಳು. ಅದು ಸ್ಮೂಹಾ ಬಡಾವಣೆಯ ಬಾಡಿಗೆ ಫ್ಲಾಟಿಗೆ, ಒಂಬತ್ತನೇ ಅಂತಸ್ತಿಗೆ, ಅವಳ ತೊಡೆಯ ಮೇಲೆ ಕೂತು ಬಂತು.

ಫ್ಲಾಟಿನಲ್ಲಿ ಮೊದಲ ಕೆಲವು ದಿನ ಹಾತಿಮ್ ಅವಳ ಕೈಗೆ ಮುತ್ತಿಟ್ಟ, ಹಣೆಗೆ ಮುತ್ತಿಟ್ಟ. "ನೀನು ನನ್ನ ತಾಯಿ," ಎಂದ. ಆಮೇಲೆ ಕಂಟ್ರಾಕ್ಟರ್ ಬಂದು ಚಹಾ ಕುಡಿದು ಹೋದ. ಅವನ ಬೆನ್ನಿಗೇ ಕಾಗದ ಮೇಜಿನ ಮೇಲೆ ಬಂತು.

"ಈಗಂತೂ ಮನೆ ಇಲ್ಲ ಅತ್ತೆ. ಬರೀ ನೆಲ. ಒಂದು ಸಹಿ."

"ಮನೆ ಬಿತ್ತು ಅಂದ್ರೆ ಸಹಿ ಬಿತ್ತು ಅಂತಲ್ಲ, ಹಾತಿಮ್. ನಿಂಗೋಸ್ಕರ ಸುಳ್ಳು ಹೇಳಿದೆ, ಅದು ಮಗನಿಗೆ. ಅಪ್ಪನ ನೆಲದ ಮೇಲೆ ಹದಿನಾಲ್ಕು ಅಂತಸ್ತು ಏಳೋಕೆ ನನ್ನ ಕೈ ಬರೆಯೋಲ್ಲ. ನಾನು ಹೋದ ಮೇಲೆ ಏನು ಬೇಕಾದ್ರೂ ಮಾಡ್ಕೋ."

"ನೀವು ಹೋಗೋದು ಯಾವಾಗ ಅಂತ ಕಾಯ್ತಾ ಕೂರಬೇಕಾ ನಾವು?" ಎಂದಳು ಗಿಹಾನ್. ಈ ಸಲ ಹರಕೆಯೇ ಶಾಪವೇ ಎಂದು ಯಾರೂ ಕೇಳಲಿಲ್ಲ.

ಜನವರಿಯಲ್ಲಿ ಒಬ್ಬ ವೈದ್ಯ ಬಂದ. ರಕ್ತದೊತ್ತಡ ನೋಡಲು ಬಂದವನೆಂದು ಇಗ್ಲಾಲ್ ತೋಳು ಮುಂದೆ ಚಾಚಿದಳು. ಅವನು ಕುರ್ಚಿ ಹತ್ತಿರ ಎಳೆದುಕೊಂಡು ತಾನು ನ್ಯಾಯಾಲಯದಿಂದ ಬಂದವನೆಂದು ಮೆಲ್ಲಗೆ ಹೇಳಿದ. ಅತ್ತೆಗೆ ಬುದ್ಧಿ ಸ್ಥಿಮಿತದಲ್ಲಿಲ್ಲ, ಅವಳ ಆಸ್ತಿಯನ್ನು ನೋಡಿಕೊಳ್ಳುವ ಅಧಿಕಾರ ತನಗೆ ಕೊಡಬೇಕೆಂದು ಹಾತಿಮ್ ಅರ್ಜಿ ಹಾಕಿದ್ದ. ಹಾತಿಮ್, ಗಿಹಾನ್ ಸೋಫಾದ ಮೇಲೆ ಕೂತಿದ್ದರು. ಯಾರಾ ಬಾಗಿಲಿಗೆ ಒರಗಿ ನಿಂತಿದ್ದಳು.

ಇವತ್ತು ಯಾವ ವಾರ, ಯಾವ ತಿಂಗಳು ಎಂದು ವೈದ್ಯ ಕೇಳಿದ. ಹೇಳಿದಳು. ನೂರರಲ್ಲಿ ಏಳು ಕಳೆಯಿರಿ ಎಂದ. ಕಳೆದಳು, ಮತ್ತೆ ಕಳೆದಳು, ನಿಲ್ಲಿಸಿ ಎನ್ನುವವರೆಗೂ ಕಳೆದಳು. ಅವನು ಹಾತಿಮನ ಮುಖ ನೋಡಿ ಒಂದು ಹಾಳೆ ತಿರುಗಿಸಿದ.

"ಇದು ಸಮಿತಿಯ ಮುಂದೆ ನೀವು ಹೇಳಿದ ಮಾತು. ಬೆಂದ ಕಾಳು ಹೂತು ನೀರು ಹಾಕ್ತಿದ್ದೆ, ಮಲ್ಲಿಗೆ ಆಗುತ್ತೆ, ನಲ್ಲಿ ಬಿಟ್ಟು ಮರೀತೀನಿ, ನೆನಪಿರಲ್ಲ. ಹೇಳಿದ್ದು ನಿಜಾನಾ?"

"ಹೇಳಿದ್ದೆ."

"ಯಾಕೆ ಹಾಗೆ ಹೇಳಿದ್ರಿ?"

ಇಗ್ಲಾಲ್ ಬಾಯಿ ತೆರೆದಳು. ಆಗ ಅವಳಿಗೆ ಎಲ್ಲ ಕಂಡಿತು. ಬುದ್ಧಿ ಸರಿಯಿದೆ ಎಂದು ತೋರಿಸಬೇಕಾದರೆ ಅಂದು ಹೇಳಿದ್ದು ಸುಳ್ಳು ಎನ್ನಬೇಕು. ಸುಳ್ಳು ಎಂದರೆ ನೀರು ಬಿಡಿಸಿದವರಾರು ಎಂಬ ಪ್ರಶ್ನೆ ಬರುತ್ತದೆ. ಆ ಉತ್ತರಕ್ಕೆ ಜೈಲಿನ ಬಾಗಿಲು ಇದೆ. ಇದು ಹಾತಿಮನಿಗೂ ಗೊತ್ತಿತ್ತು. ಅವಳು ಹೇಳುವುದಿಲ್ಲ ಎಂಬುದೂ ಗೊತ್ತಿತ್ತು. ಆ ಗೊತ್ತಿನ ಮೇಲೆಯೇ ಅರ್ಜಿ ಬರೆಸಿದ್ದ.

ವೈದ್ಯ ಮತ್ತೆ ಕೇಳಿದ. "ಅಮ್ಮ, ಬೆಂದ ಕಾಳು ಮೊಳೆಯುತ್ತಾ?"

"ಒಂದ್ಸಲ ಮೊಳೆತಿತ್ತು ಡಾಕ್ಟ್ರೇ," ಎಂದಳು ಅವಳು. ಅವಳ ಕಣ್ಣು ಹಾತಿಮನ ಮೇಲಿತ್ತು. "ಇವನಿಗೆ ಗೊತ್ತು. ಇವನನ್ನೇ ಕೇಳಿ."

"ಅಪ್ಪಾ, ಅದು ನೀವು ಚಿಕ್ಕವರಿದ್ದಾಗ..." ಎಂದು ಯಾರಾ ಒಂದು ಹೆಜ್ಜೆ ಮುಂದೆ ಬಂದಳು.

"ಯಾರಾ," ಎಂದಳು ಗಿಹಾನ್. "ಡಾಕ್ಟ್ರಿಗೆ ಕಾಫಿ ಮಾಡ್ಕೊಂಡು ಬಾ."

ಹುಡುಗಿ ಅಮ್ಮನನ್ನು ನೋಡಿದಳು, ಅಜ್ಜಿಯನ್ನು ನೋಡಿದಳು. ಹಜಾರದ ಮೂಲೆಯಲ್ಲಿ ಕಂಟ್ರಾಕ್ಟರನ ಮುಂಗಡದಲ್ಲಿ ಬಂದ ಅವಳ ಹೊಸ ಫ್ರಿಜ್ಜು ರಟ್ಟಿನ ಪೆಟ್ಟಿಗೆಯಲ್ಲಿ ನಿಂತಿತ್ತು. ಅದರ ಪಕ್ಕದಿಂದ ನುಸುಳಿಕೊಂಡು ಅವಳು ಅಡಿಗೆಮನೆಗೆ ಹೋದಳು.

ವೈದ್ಯ ಹಾತಿಮನ ಕಡೆ ತಿರುಗಿದ. "ಏನು ಕಥೆ ಅದು?"

ಹಾತಿಮ್ ಕೆಳದುಟಿ ಒಳಗೆಳೆದುಕೊಂಡ. ಜಮಖಾನೆಯನ್ನು ನೋಡಿದ.

"ನನಗೆ ಏನೂ ನೆನಪಿಲ್ಲ," ಎಂದ.

ವೈದ್ಯ ಬರೆದುಕೊಂಡ. ಇಗ್ಲಾಲ್ ಆಮೇಲಿನ ಯಾವ ಪ್ರಶ್ನೆಗೂ ಉತ್ತರ ಕೊಡಲಿಲ್ಲ. ಅದನ್ನೂ ಬರೆದುಕೊಂಡ. ಕಾಫಿ ಬಂದಾಗ ಯಾರಾ ಅಜ್ಜಿಯ ಕಡೆ ನೋಡದೆ ತಟ್ಟೆ ಇಟ್ಟು ಹೋದಳು.

ಚಳಿಗಾಲ ಮುಗಿಯುವ ಮುಂಚೆ ತೀರ್ಪು ಬಂತು; ಹಾತಿಮ್ ಅವಳ ಪರವಾಗಿ ಸಹಿ ಹಾಕಿದ. ಯಾರಾಳ ಮದುವೆ ಆಯಿತು. ಡಬ್ಬಿಯ ಕೊಂಬೆ ಚಿಗುರಲಿಲ್ಲ. ಒಣಗಿದ್ದನ್ನು ಕಿತ್ತು ಬಿಸಾಡಿ ಮಣ್ಣನ್ನು ಮಾತ್ರ ಇಗ್ಲಾಲ್ ಮಂಚದ ಪಕ್ಕ ಇಟ್ಟುಕೊಂಡಳು. ಅಧಿಕಾರ ವಹಿಸಿಕೊಂಡವನು ಅವಳ ಕ್ಷೇಮಕ್ಕೂ ಹೊಣೆ. ಹಾಗಾಗಿ ಹಾತಿಮ್ ಒಂದು ಸಂಜೆ ಸಲಕರಣೆಯ ಚೀಲ ತಂದು, ಅವಳ ಬಚ್ಚಲಿನ ನಲ್ಲಿಗಳ ಹಿಡಿಗಳನ್ನೆಲ್ಲ ಬಿಚ್ಚಿದ. ಒಳ್ಳೆಯ ಕೆಲಸಗಾರ; ಒಂದು ಗೀರೂ ಬೀಳಲಿಲ್ಲ.

"ನೀನು ಬಿಟ್ಟು ಮರೀತೀಯ ಅತ್ತೆ. ಕೆಳಗಿನ ಫ್ಲಾಟಿನವರ ಚಾವಣಿ ಹಾಳಾಗುತ್ತೆ. ನೀರು ಬೇಕಾದಾಗ ಗಿಹಾನ್‌ನ ಕೂಗು."

ಅವಳು ಅವನ ಮುಖವನ್ನೇ ನೋಡಿದಳು. ಅವನು ತಮಾಷೆ ಮಾಡುತ್ತಿರಲಿಲ್ಲ. ಹೇಳುತ್ತ ಹೇಳುತ್ತ ಅವನು ಅದನ್ನು ನಂಬಿಬಿಟ್ಟಿದ್ದ; ನಂಬದಿದ್ದರೆ ಅವನಿಗೆ ಬದುಕು ಕಷ್ಟವಿತ್ತು.

ಪ್ರಾರ್ಥನೆಗೆ ಮುಂಚೆ ಕೈಕಾಲು ಮುಖ ತೊಳೆಯಬೇಕು, ದಿನಕ್ಕೆ ಐದು ಹೊತ್ತು. ನಾಲ್ಕು ಹೊತ್ತು ಅವಳು ಕೂಗುತ್ತಿದ್ದಳು. ಗಿಹಾನ್ ಹಿಡಿಯನ್ನು ತಂದು ಸಿಕ್ಕಿಸಿ ತಿರುಗಿಸಿ, ಪಕ್ಕದಲ್ಲೇ ನಿಂತು, "ಸಾಕಾ, ತಾಂತ್?" ಎಂದು ಕೇಳುತ್ತಿದ್ದಳು. "ಸಾಕು," ಎನ್ನುತ್ತಿದ್ದಳು. ಬೆಳಗಿನ ಹೊತ್ತಿಗೆ ಮಾತ್ರ ಯಾರನ್ನೂ ಎಬ್ಬಿಸಲಿಲ್ಲ. ನೀರು ಸಿಗದ ದಾರಿಹೋಕರಿಗೆ ಮಣ್ಣಿನಲ್ಲಿ ಶುದ್ಧಿ ಮಾಡಿಕೊಳ್ಳಲು ದೇವರು ಅಪ್ಪಣೆ ಕೊಟ್ಟಿದ್ದಾನೆ. ನಲ್ಲಿ ವ್ಯಾಪಾರಿಯ ಮನೆಯಲ್ಲಿರುವವಳಿಗೆ ಅದು ಸಲ್ಲುತ್ತದೋ ಇಲ್ಲವೋ ಎಂದು ಕೇಳಲು ಅವಳು ಯಾರ ಹತ್ತಿರವೂ ಹೋಗಲಿಲ್ಲ. ತುಪ್ಪದ ಡಬ್ಬಿಯ ಮಣ್ಣಿನ ಮೇಲೆ ಎರಡೂ ಅಂಗೈಗಳನ್ನು ಒತ್ತಿ, ಒಣಗಿದ ಕೈಯಿಂದ ಮುಖ ಒರೆಸಿಕೊಂಡು ಪ್ರಾರ್ಥನೆಗೆ ನಿಂತಳು.